ಗಾನವಿಗೆ ಈಗ ಫೋನ್ ಮಾಡಬೇಡಿ

ನಮ್ಮ ಅಮ್ಮಂದಿರಿಗೆ ಒಂದು ಚಾಳಿ ಇದೆ. ಮಕ್ಕಳು ಫೋನ್ ಎತ್ತಲಿಲ್ಲ ಅಂದರೆ ಇನ್ನೊಮ್ಮೆ ಮಾಡುತ್ತಾರೆ. ಆಗಲೂ ಎತ್ತದಿದ್ದರೆ ಮಗದೊಮ್ಮೆ. ಆಮೇಲೆ ಮಗಳ ಗೆಳತಿಗೆ, ಗೆಳತಿಯ ಅಮ್ಮನಿಗೆ, ಅಲ್ಲಿಗೂ ಸಮಾಧಾನವಾಗದಿದ್ದರೆ ಮೈಸೂರಿನಲ್ಲಿರುವ ಅಕ್ಕನಿಗೆ! ಪಾಪ, ಪ್ರೀತಿಗೇ ಮಾಡುವುದು, ಅದರಲ್ಲಿ ಎರಡು ಮಾತಿಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನಿನ ರನ್‌ಕಾರ್ನ್ ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದ ದಾಕ್ಷಾಯಣಿಗೆ ಈ ಚಾಳಿ ಒಂದು ಕೈ ಜಾಸ್ತಿಯೇ ಇತ್ತು.

2018ರ ಮಾತು. ಮಗಳು ಗಾನವಿ ಯೂನಿವರ್ಸಿಟಿಗೆ ಸೇರಿದ ಹೊಸತು. ಒಂದು ಶುಕ್ರವಾರ ಸಂಜೆ ಮುಖ ಕೆಂಪಗೆ ಮಾಡಿಕೊಂಡು ಬಂದವಳೇ ಬ್ಯಾಗನ್ನು ಸೋಫಾ ಮೇಲೆ ಎಸೆದಳು.

"ಅಮ್ಮ, ಇವತ್ತು ಎಲ್ಲರ ಮುಂದೆ ನನ್ನ ಮಾನ ಕಳೆದ್ಬಿಟ್ಟೆ ನೀನು!"

"ನಾನೇನೇ ಮಾಡ್ದೆ? ಬರ್ತಾ ಸನ್ನಿಬ್ಯಾಂಕ್ ಮಾರ್ಕೆಟ್ಟಲ್ಲಿ ಕೊತ್ತಂಬರಿ ಸೊಪ್ಪು ತಗೊಂಡು ಬಾ ಅನ್ನೋಕೆ ಫೋನ್ ಮಾಡ್ದೆ. ಅದೂ ತಪ್ಪಾ?"

ನಡೆದದ್ದು ಇಷ್ಟು. ಕ್ಯಾಂಪಸ್ಸಿಗೆ ಯಾರಾದರೂ ಬಂದೂಕು ಹಿಡಿದು ನುಗ್ಗಿದರೆ ಏನು ಮಾಡಬೇಕು ಅಂತ ಅವತ್ತು ತಾಲೀಮು ಇತ್ತು. ಬಾಗಿಲು ಹಾಕಿ, ದೀಪ ಆರಿಸಿ, ಇಡೀ ಕ್ಲಾಸು ಮೇಜಿನ ಹಿಂದೆ ಉಸಿರು ಬಿಗಿಹಿಡಿದು ಕೂತಿತ್ತು. ಆಗ ಗಾನವಿಯ ಫೋನಿನಲ್ಲಿ ನಾದಸ್ವರ ಮೊಳಗಿತು. ಕಟ್ ಮಾಡಿದಳು. ಮತ್ತೆ ಮೊಳಗಿತು.

"ಸೆಕ್ಯೂರಿಟಿಯವರು ಏನಂದ್ರು ಗೊತ್ತಾ? ಇದು ನಿಜವಾಗಿದ್ದಿದ್ರೆ ಆ ಫೋನು ನಾವೆಲ್ಲಿದ್ದೀವಿ ಅಂತ ತೋರಿಸಿಕೊಡ್ತಿತ್ತು ಅಂತ. ನಿಜವಾಗ್ಲೂ ಹಾಗೇನಾದ್ರೂ ಆದಾಗ ನೀನು ಫೋನ್ ಮಾಡಿದ್ರೆ..."

ದಾಕ್ಷಾಯಣಿ ಎರಡೂ ಕಿವಿ ಮುಚ್ಚಿಕೊಂಡರು. "ಬಿಡ್ತು ಅನ್ನು! ಮೊದಲು ಬಿಡ್ತು ಅನ್ನು! ಮುಸ್ಸಂಜೆ ಹೊತ್ತಲ್ಲಿ ಅಂಥ ಮಾತು ಆಡ್ತಾರೇನೇ?"

"ಬಿಡ್ತು. ಸರಿ, ಈಗ ಕೇಳು..."

"ಇಲ್ಲ, ನಾನು ಕೇಳಲ್ಲ." ಅಲ್ಲಿಗೆ ಮಾತು ನಿಂತಿತು. ಕೆಟ್ಟದ್ದನ್ನು ಬಾಯಲ್ಲಿ ಆಡಿದರೆ ಅದು ಮನೆ ಹುಡುಕಿಕೊಂಡು ಬರುತ್ತದೆ ಅನ್ನುವ ಹೆದರಿಕೆ. ಆ ಹೆದರಿಕೆಯಲ್ಲಿ ಮಗಳ ಜೀವದ ಮಾತನ್ನೇ ಕೇಳಿಸಿಕೊಳ್ಳಲಿಲ್ಲವಲ್ಲ, ಮಹಾತಾಯಿ!

ಮರುದಿನ ಎದುರು ಮನೆಯ ಮೈಥಿಲಿ ಕಾಫಿಗೆ ಬಂದರು. ಅವರಿಗೆ ಅದೇ ಯೂನಿವರ್ಸಿಟಿಯ ವಿದ್ಯಾರ್ಥಿ ವಿಭಾಗದಲ್ಲಿ ಕೆಲಸ. ಗಾನವಿ ದೂರು ಕೊಟ್ಟಳು. ದಾಕ್ಷಾಯಣಿಯೂ ಬಿಡಲಿಲ್ಲ.

"ಮೈಥಿಲಿ, ನೀವೇ ಹೇಳಿ. ಇದೇನು ಅಮೆರಿಕಾನಾ? ಇಲ್ಲಿ ಅಂಥದ್ದೆಲ್ಲ ಎಲ್ಲಿ ಆಗತ್ತೆ?"

"ಅಪರೂಪ ಕಣ್ರೀ, ತುಂಬಾನೇ ಅಪರೂಪ. ದೇವರ ದಯೆ. ಆದ್ರೆ ನೀವು ಬೇಸಿಗೇಲಿ ಬಿರುಗಾಳಿ ಮಳೆ ಬರತ್ತೆ ಅಂತ ಟಾರ್ಚು, ನೀರು ತೆಗೆದಿಡ್ತೀರಲ್ಲ, ಅದು ಬಿರುಗಾಳೀನ ಕರೆದಂಗಾಯ್ತಾ?"

"ಅದು ಬೇರೆ, ಇದು ಬೇರೆ."

ಮೈಥಿಲಿ ವಾದಕ್ಕೆ ಕೂರಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಎದ್ದರು. "ಬನ್ನಿ, ಸ್ವಲ್ಪ ಹೊತ್ತು ಬಚ್ಚಿಟ್ಟುಕೊಳ್ಳೋಣ."

ಅಡುಗೆಮನೆಯ ಪಕ್ಕದಲ್ಲಿ ಬೇಳೆಕಾಳು ಇಡುವ ಸಣ್ಣ ಕೋಣೆ. ಮೂವರೂ ಒಳಗೆ ಹೋಗಿ, ದೀಪ ಆರಿಸಿ, ಬಾಗಿಲು ಎಳೆದುಕೊಂಡರು. "ಶಬ್ದ ಬರದ ಹಾಗೆ ಫೋನ್ ವೈಬ್ರೇಶನ್‌ಗೆ ಹಾಕಿದ್ದೀನಮ್ಮಾ, ಬುದ್ಧಿವಂತೆ ನಾನು" ಎಂದು ದಾಕ್ಷಾಯಣಿ ಫೋನನ್ನು ಡಬ್ಬಿಗಳ ಪಕ್ಕ ಇಟ್ಟರು. ಮೊದಮೊದಲು ನಗು ಬಂತು. ಆಮೇಲೆ ಕತ್ತಲೆ, ಮೌನ. ತಮ್ಮ ಉಸಿರಿನ ಸದ್ದು ತಮಗೇ ಕೇಳುತ್ತಿತ್ತು.

ಇದ್ದಕ್ಕಿದ್ದಂತೆ ಗರ್ರ್ ಅಂತ ಫೋನು ಒದರಿತು. ಸ್ಟೀಲ್ ಡಬ್ಬಿಗಳೆಲ್ಲ ಒಟ್ಟಿಗೆ ಗಲಗಲ ಅಂದವು. ದಾಕ್ಷಾಯಣಿಗೆ ಎದೆ ಧಸಕ್ಕೆಂದಿತು. ತಡಕಾಡಿ ಹಿಡಿಯುವಷ್ಟರಲ್ಲಿ ಜಾರಿ ನೆಲಕ್ಕೆ ಬಿತ್ತು, ಅಲ್ಲೂ ಒದರಿತು. ನಿಂತಿತು. ಮತ್ತೆ ಶುರುವಾಯಿತು. ಯಾರು ಅಂತೀರಿ? ಅಂಗಡಿಗೆ ಹೋಗಿದ್ದ ಯಜಮಾನರು, ಸದಾಶಿವ! ಯಾವ ಅಕ್ಕಿ ತರಲಿ ಅಂತ ಕೇಳಲಿಕ್ಕೆ.

"ಅಯ್ಯೋ, ಇವರೊಬ್ಬರು! ಎತ್ತಲಿಲ್ಲ ಅಂದ್ರೆ ಸುಮ್ನಿರಬಾರದಾ?" ಎಂದು ಕತ್ತಲಲ್ಲೇ ಗದರಿದ ದಾಕ್ಷಾಯಣಿ, ಆ ಮಾತು ಯಾರಿಗೆ ತಾಗಿತು ಎಂದು ಹೊಳೆದು ತೆಪ್ಪಗಾದರು. ದೀಪ ಹಾಕಿದಾಗ ಅವರ ಕಣ್ಣು ತುಂಬಿತ್ತು.

"ನಿನ್ನೆ ನಿನಗೂ ಹಿಂಗೇ ಆಯ್ತೇನೇ ಮಗಳೇ? ಹೇಳಿ ಮೈಥಿಲಿ, ಏನು ಮಾಡ್ಬೇಕು?"

ಸದಾಶಿವರೂ ಅಕ್ಕಿ ಹೊತ್ತು ಬಂದು ಜೊತೆಗೆ ಕೂತರು. ಮೈಥಿಲಿ ಗಾನವಿಯ ಕಡೆ ತಿರುಗಿ ಹೇಳಿದರು: "ಮೊದಲು ತಪ್ಪಿಸಿಕೋ. ದಾರಿ ಸುರಕ್ಷಿತವಾಗಿದ್ರೆ ಬ್ಯಾಗು, ಲ್ಯಾಪ್‌ಟಾಪು ಎಲ್ಲಾ ಬಿಟ್ಟು ಓಡು. ಯಾವ ಕ್ಲಾಸಿಗೆ ಹೋದ್ರೂ ಹೊರಗೆ ಹೋಗೋ ಬಾಗಿಲು ಎಲ್ಲೆಲ್ಲಿವೆ ಅಂತ ಕೂರೋ ಮುಂಚೆನೇ ನೋಡ್ಕೋ. ಓಡೋಕೆ ಆಗಲ್ವಾ? ಬಚ್ಚಿಟ್ಟುಕೋ. ಬಾಗಿಲು ಹಾಕಿ ಮೇಜು ಅಡ್ಡ ಇಡು, ದೀಪ ಆರಿಸು, ಬಾಗಿಲು ಕಿಟಕಿಯಿಂದ ದೂರ ಇರು. ಫೋನು ಪೂರ್ತಿ ಸೈಲೆಂಟು, ವೈಬ್ರೇಶನ್ನೂ ಇರಬಾರದು."

"ಪೊಲೀಸ್ರಿಗೆ ಯಾವಾಗ ಹೇಳೋದು?" ಸದಾಶಿವ ಕೇಳಿದರು.

"ಮಾತಾಡಿದ್ರೆ ಅಪಾಯ ಇಲ್ಲ ಅಂದಾಗ ತುರ್ತು ನಂಬರು ಟ್ರಿಪಲ್ ಝೀರೋಗೆ. ಪೊಲೀಸ್ರು ಬಂದಾಗ ಕೈಯಲ್ಲಿ ಏನೂ ಹಿಡ್ಕೋಬಾರದು. ಖಾಲಿ ಕೈ ಕಾಣೋ ಹಾಗೆ ಎತ್ತಿ, ಅವರು ಹೇಳಿದ ಹಾಗೆ ಕೇಳ್ಬೇಕು."

"ಮತ್ತೆ ನಾವು?" ಅಂದರು ದಾಕ್ಷಾಯಣಿ.

"ನೀವು ಮಾಡೋ ಕೆಲಸಾನೇ ಎಲ್ಲಕ್ಕಿಂತ ಕಷ್ಟ. ಫೋನ್ ಮಾಡಬಾರದು. ಕಾರು ಹತ್ತಿ ಅಲ್ಲಿಗೆ ಓಡಬಾರದು. ಕೇಳಿದ ಸುದ್ದಿನೆಲ್ಲ ವಾಟ್ಸಾಪಿಗೆ ಹಾಕಬಾರದು. ಅವಳು ಸುರಕ್ಷಿತವಾದ ಮೇಲೆ ಅವಳೇ ಒಂದು ಮೆಸೇಜ್ ಹಾಕ್ತಾಳೆ."

ಅಂದೇ ಗಾನವಿ ತನ್ನ ಫೋನನ್ನು ಪೂರ್ತಿ ಸೈಲೆಂಟ್ ಮಾಡುವುದನ್ನು ಕಣ್ಣುಮುಚ್ಚಿ ಅಭ್ಯಾಸ ಮಾಡಿದಳು. ಸದಾಶಿವ ಮೈಸೂರಿನ ನೆಂಟರಿಗೂ ವಿಷಯ ತಿಳಿಸಿದರು.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ದಾಕ್ಷಾಯಣಿ ಬಟ್ಟೆ ಮಡಿಸುತ್ತಿದ್ದರು. ಫಾರೆಸ್ಟ್ ಲೇಕ್ ಬಡಾವಣೆಯ ಗೆಳತಿ ರುಕ್ಮಿಣಿಯ ಫೋನು ಬಂತು.

"ರೀ, ಗಾನವಿ ಯೂನಿಲಿ ಯಾರೋ ಗನ್ ಹಿಡ್ಕೊಂಡು ಓಡಾಡ್ತಿದಾನಂತೆ! ರೇಡಿಯೋದಲ್ಲಿ ಬಂತು. ಎಲ್ಲಾ ಬಾಗಿಲು ಹಾಕಿದಾರಂತೆ!"

ದಾಕ್ಷಾಯಣಿಯ ಬೆರಳು ತಾನಾಗಿಯೇ ಮಗಳ ಹೆಸರಿನ ಮೇಲೆ ಹೋಯಿತು. ಒತ್ತಿದರೆ ಸಾಕು, ಅವಳ ದನಿ ಕೇಳಬಹುದು. ಒಂದೇ ಒಂದು ಸಲ. ಒಂದು ವೇಳೆ ಗಾಬರಿಯಲ್ಲಿ ಅವಳು ಸೈಲೆಂಟ್ ಮಾಡುವುದನ್ನು ಮರೆತಿದ್ದರೆ?

"ಫೋನ್ ಮಾಡಿದ್ರಾ? ತಾಳಿ, ನಾನೇ ಮಾಡಿ ನೋಡ್ತೀನಿ" ಅಂದರು ರುಕ್ಮಿಣಿ.

"ಬೇಡ!" ದಾಕ್ಷಾಯಣಿ ಕಿರುಚಿದರು. "ನಿಮ್ಮ ದಮ್ಮಯ್ಯ ಅಂತೀನಿ, ಗಾನವಿಗೆ ಈಗ ಫೋನ್ ಮಾಡಬೇಡಿ. ಅವಳು ಬಚ್ಚಿಟ್ಟುಕೊಂಡಿರ್ತಾಳೆ. ಯಾರೂ ಮಾಡಬೇಡಿ."

ಮೈಥಿಲಿಯೂ ಕ್ಯಾಂಪಸ್ಸಿನಲ್ಲೇ ಇದ್ದರು, ಅವರಿಗೂ ಮಾಡುವಂತಿಲ್ಲ. ಸದಾಶಿವ ಸುದ್ದಿ ಕೇಳಿ ಆಫೀಸಿನಿಂದ ನೇರ ಮನೆಗೆ ಬಂದು ಹೆಂಡತಿಯ ಕೈ ಹಿಡಿದು ಕೂತರು. ಕೊನೆಗೆ ಫೋನು ಬೆಳಗಿತು. "ಸೇಫ್. ಪೊಲೀಸರ ಜೊತೆ ಹೊರಗೆ ಬಂದೆ. ಮೈಥಿಲಿ ಆಂಟಿನೂ ಇಲ್ಲೇ ಇದ್ದಾರೆ." ದಾಕ್ಷಾಯಣಿ ಗಂಡನ ಹೆಗಲಿಗೆ ಒರಗಿ ಗಟ್ಟಿಯಾಗಿ ಅತ್ತರು.

ಪುಣ್ಯಕ್ಕೆ ಅದು ಸುಳ್ಳು ಗಾಬರಿ. ನಾಟಕಕ್ಕೆಂದು ಒಯ್ಯುತ್ತಿದ್ದ ಆಟದ ಬಂದೂಕು ಕಂಡು ಯಾರೋ ಬೆದರಿದ್ದರು. ಆದರೆ ಒಳಗೆ ಕೂತವರಿಗೆ ಅದು ಗೊತ್ತಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಗಾನವಿ ಹೇಳಿದಳು. "ಪಕ್ಕದ ಹುಡುಗಿಗೆ ಅವರ ಮನೆಯಿಂದ ಒಂದೇ ಸಮ ಫೋನು. ಪಾಪ, ಬೆಳಕು ಕಾಣಬಾರದು ಅಂತ ಹೊಟ್ಟೆಗೆ ಒತ್ತಿ ಹಿಡ್ಕೊಂಡು ನಡುಗ್ತಾ ಇದ್ಲು. ನನ್ನ ಫೋನು ಸುಮ್ನಿತ್ತಮ್ಮ. ನೀನು ಎಷ್ಟು ಕಷ್ಟಪಟ್ಟು ಸುಮ್ನಿದ್ದೀಯ ಅಂತ ಗೊತ್ತಾಗ್ತಿತ್ತು. ಒಂಥರಾ ನೀನು ಪಕ್ಕದಲ್ಲೇ ಕೂತಿದ್ದ ಹಾಗಿತ್ತು."

ದಾಕ್ಷಾಯಣಿ ಮಗಳ ತಲೆ ನೇವರಿಸಿದರು. ಅವರ ಮನಸ್ಸು ತುಂಬಿತ್ತು.

ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮಗು ಓದುತ್ತಿರುವುದು ಪರ್ತಿನಲ್ಲಿರಲಿ, ಅಡಿಲೇಡಿನಲ್ಲಿರಲಿ, ಬ್ರಿಸ್ಬೇನಿನಲ್ಲಿರಲಿ, ಇವತ್ತೇ ಜೊತೆಗೆ ಕೂತು ಈ ಮಾತು ಆಡಿಬಿಡಿ. ತಪ್ಪಿಸಿಕೊಳ್ಳುವುದು, ಬಚ್ಚಿಟ್ಟುಕೊಳ್ಳುವುದು, ಆಮೇಲೆ ತಿಳಿಸುವುದು. ಯಾರು ಮೆಸೇಜ್ ಹಾಕಬೇಕು, ಯಾರು ಕಾಯಬೇಕು ಅಂತ ಒಪ್ಪಂದ ಮಾಡಿಕೊಳ್ಳಿ. ಅಂಥ ದಿನ ಯಾರಿಗೂ ಬಾರದಿರಲಿ. ಬಂದರೆ, ನಿಮ್ಮ ಮಗು ಮೊದಲು ಜೀವ ಉಳಿಸಿಕೊಳ್ಳಲಿ. ನಿಮಗೆ ಉತ್ತರ ಕೊಡುವುದು ಆಮೇಲೆ.