ಮುಂದಿನ ಸೀಟಿನ ಮಾತು

ಚಳಿಗಾಲ ಕಾಲೂರಿತ್ತು. ಹೊರಗೆ ಮಂಜು ಬಿದ್ದು ಗದ್ದೆಯ ಬದು ಕಾಣದಂತಾಗಿದ್ದರೂ ಹ್ಯಾಚರಿಯ ಕತ್ತಲೆ ಕೋಣೆಯಲ್ಲಿ ವರ್ಷವಿಡೀ ಒಂದೇ ಹವೆ, ಕಾವು ಕೂತ ಕೋಳಿಯ ಹೊಟ್ಟೆಯಡಿಯ ಬಿಸುಪು. ಅವಳು ಮೊಟ್ಟೆಗಳನ್ನು ಒಂದೊಂದಾಗಿ ದೀಪದ ತೂತಿನ ಮೇಲಿಟ್ಟು ತಿರುಗಿಸಿ ನೋಡುತ್ತಿದ್ದಳು. ಒಳಗೆ ಕೆಂಪು ನರಗಳು ಹರಡಿದ್ದರೆ ಟ್ರೇಗೆ, ಬರೀ ತಿಳಿಯಾಗಿದ್ದರೆ ಬುಟ್ಟಿಗೆ.

"ಏನೇ ರೇಡಿಯೋ, ಇಲ್ಲಿ ಬಂದ್ರೆ ಬಾಯಿಗೆ ಬೀಗ. ವ್ಯಾನ್ ಹತ್ತಿದ್ರೆ ಮಾತ್ರ ಶುರು!" ಎಂದು ಬಾಗಿಲಲ್ಲಿ ಇಣುಕಿದಳು ದಪ್ಪಕ್ಕ. ಪಕ್ಕದ ಕೋಣೆಯಲ್ಲಿ ಮರಿ ತೆಗೆಯುವ ಆರು ಹೆಂಗಸರ ಪೈಕಿ ಅವಳ ಬಾಯಿಯೇ ಜೋರು.

ಮೊಟ್ಟೆ ತಿರುಗಿಸುತ್ತಲೇ ಅವಳು ನಕ್ಕಳು. ನಗದೆ ಇನ್ನೇನು ಮಾಡಿಯಾಳು?

ಬೆಳಗಿನ ಐದಕ್ಕೆ ಊರ ಮುಂದೆ ವ್ಯಾನ್ ನಿಲ್ಲುತ್ತಿತ್ತು. ಒಂದು ಗಂಟೆಯ ದಾರಿ. ಆರು ಜನ ಹಿಂದೆ ಹತ್ತಿ, ತಲೆಗೆ ಶಾಲು ಸುತ್ತಿಕೊಂಡು, ಒಬ್ಬರ ಹೆಗಲಿಗೆ ಒಬ್ಬರು ಒರಗಿ ನಿದ್ದೆ ಹೋಗುತ್ತಿದ್ದರು. ಮುಂದಿನ ಸೀಟಿನಲ್ಲಿ ಅವಳು. ವ್ಯಾನ್ ಓಡಿಸುವವನು ಅವಳ ಗಂಡನಿಗೆ ದೂರದ ಅಣ್ಣ, ಅವಳಿಗೆ ಭಾವ. ರಾತ್ರಿಯೆಲ್ಲ ತರಕಾರಿ ಲಾರಿ ಓಡಿಸಿ, ಹಾಗೇ ಬಂದು ವ್ಯಾನ್ ಹತ್ತುತ್ತಿದ್ದ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ವ್ಯಾನ್ ಮೆಲ್ಲಗೆ ಕಾಲುವೆಯ ಕಡೆ ವಾಲಿದಾಗ ಅವಳು ತಿರುಗಿ ನೋಡಿದಳು. ಭಾವನ ಕೈ ಸ್ಟೇರಿಂಗಿನ ಮೇಲಿತ್ತು, ಕಣ್ಣು ಮುಚ್ಚಿತ್ತು. ಕಿರುಚಲು ಬಾಯಿ ಬರಲಿಲ್ಲ. "ಭಾವ, ನಿಮ್ಮ ಎಮ್ಮೆ ಕರು ಹಾಕ್ತಾ?" ಎಂದು ಕೇಳಿಬಿಟ್ಟಳು. "ಹಾಂ? ಇಲ್ಲ, ಇನ್ನೂ ಹದಿನೈದು ದಿನ ಇದೆ," ಎಂದು ಅವನು ಬೆಚ್ಚಿ ವ್ಯಾನನ್ನು ದಾರಿಗೆಳೆದ.

ಅಂದಿನಿಂದ ಶುರುವಾಯಿತು ಮಾತು. ಕತೆ ಹೇಳಿದರೆ ಸಾಲದು, ಕೇಳುತ್ತ ಕೇಳುತ್ತಲೇ ತೂಕಡಿಸುತ್ತಿದ್ದ. ಪ್ರಶ್ನೆ ಹಾಕಬೇಕು. ಉತ್ತರ ಕೊಡುವ ಮನುಷ್ಯ ಮಲಗುವುದಿಲ್ಲ ಎಂಬುದನ್ನು ಅವಳು ಒಂದೇ ವಾರದಲ್ಲಿ ಕಂಡುಕೊಂಡಳು. ಸಂಜೆ ರೊಟ್ಟಿ ಬಡಿಯುವಾಗ, ಬಟ್ಟೆ ಹಿಂಡುವಾಗ ಮರುದಿನದ ಪ್ರಶ್ನೆಗಳನ್ನು ಹುಡುಕುತ್ತಿದ್ದಳು. ಹಿಂದಿನವರು ಗೊಣಗುತ್ತಿದ್ದರು. "ರೇಡಿಯೋ ಆಫ್ ಮಾಡೇ ತಾಯಿ, ಕಣ್ಣು ಉರೀತಿದೆ!"

ನಿಜ ಹೇಳಿದರೆ ಭಾವನ ಕೆಲಸ ಹೋಗುತ್ತದೆ. ಮಳೆಯ ಒಂದು ಸಂಜೆ ಅವಳ ಮಗಳಿಗೆ ಉಸಿರು ಕಟ್ಟಿದಾಗ ನೀರು ಹರಿಯುತ್ತಿದ್ದ ಸೇತುವೆ ದಾಟಿಸಿ ಆಸ್ಪತ್ರೆ ಮುಟ್ಟಿಸಿದವನು ಅವನೇ. ಆದರೆ ಈ ಚಳಿಗೆ ಅವಳ ಗಂಟಲು ಕಟ್ಟಿತ್ತು. ಒಂದು ದಿನ ಮಾತು ತೀರಿಹೋದರೆ?

ಕೊನೆಗೆ ಮ್ಯಾನೇಜರ ಕೋಣೆಗೆ ಹೋದಳು.

"ಸಾರ್, ನಾನು ಎಂಟಕ್ಕೆ ಬಂದು ಐದಕ್ಕೆ ಹೋಗ್ಲಾ? ಏಳರ ಬಸ್ಸಿದೆ."

"ಯಾಕಮ್ಮಾ?"

ನಾಲಿಗೆ ತುದಿಗೆ ಬಂದದ್ದು ಹಿಂದೆ ಸರಿಯಿತು. "ಮಗಳನ್ನ ಸ್ಕೂಲಿಗೆ ಹೊರಡಿಸ್ಬೇಕು ಸಾರ್."

ಅವನು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಯೋಚಿಸಿದ. "ಮೊಟ್ಟೆ ನೋಡೋ ಕೆಲಸ ತಾನೆ? ಬಾ, ಪರವಾಗಿಲ್ಲ. ಸೋಮವಾರದಿಂದ."

"ಸಾರ್, ಮಿಕ್ಕವರಿಗೂ... ವ್ಯಾನೇ ಒಂಚೂರು ತಡವಾಗಿ, ಬೆಳಕು ಹರಿದ ಮೇಲೆ ಹೊರಟ್ರೆ?"

"ಮರಿಗಳು ಆರಕ್ಕೆ ಮೊಟ್ಟೆ ಒಡೆದು ನಿಂತಿರ್ತವೆ. ನೀನೇ ಹೋಗಿ ಅವಕ್ಕೆ ಒಂದು ಮಾತು ಹೇಳು, ಒಪ್ಪಿದ್ರೆ ನಂದೇನೂ ಅಭ್ಯಂತರ ಇಲ್ಲ!" ಎಂದು ತನ್ನ ಮಾತಿಗೆ ತಾನೇ ನಕ್ಕ.

ಶನಿವಾರ ಇಳಿಯುವಾಗ ಅವಳು ದಪ್ಪಕ್ಕನ ಕೈ ಹಿಡಿದಳು. "ಅಕ್ಕಾ, ನಾಡಿದ್ದಿಂದ ಮುಂದೆ ನೀನು ಕೂತ್ಕೊ. ಭಾವನ ಜೊತೆ ಏನಾದ್ರೂ ಮಾತಾಡ್ತಾ ಇರು."

"ಕಟ್ಕೊಂಡ ಗಂಡನ ಜೊತೇನೇ ಮಾತಾಡಕ್ಕೆ ಏನೂ ಉಳಿದಿಲ್ಲ, ನಿನ್ನ ಭಾವನ ಹತ್ರ ಏನಾಡ್ಲಿ?" ಎಂದಳು ದಪ್ಪಕ್ಕ. ಹಿಂದಿನವರು ಗೊಳ್ಳೆಂದರು. ನಿಜ ಹೇಳಲು ಅವಳು ಬಾಯಿ ತೆರೆದಳು. ಭಾವ ಬಾನೆಟ್ಟಿನ ಪಕ್ಕದಲ್ಲೇ ನಿಂತಿದ್ದ. ಬಾಯಿ ಮುಚ್ಚಿದಳು.

ಸೋಮವಾರ ಬಸ್ಸಿನಲ್ಲಿ ಬಿಸಿಲು ಮಡಿಲಿಗೆ ಬಿತ್ತು. ಮಗಳಿಗೆ ಜಡೆ ಹಾಕಿ ಬಂದಿದ್ದಳು. ಆದರೂ ಪ್ರತಿ ತಿರುವಿನಲ್ಲೂ ಕಣ್ಣು ಕಾಲುವೆಯ ಕಡೆಗೇ ಓಡುತ್ತಿತ್ತು.

ಹ್ಯಾಚರಿಯ ಅಂಗಳದಲ್ಲಿ ವ್ಯಾನ್ ನಿಂತಿರುವುದು ಕಂಡು ಹೋದ ಜೀವ ಬಂದಂತಾಯಿತು. ಹತ್ತಿರ ಹೋದಳು. ಎಡಗಡೆಯ ಕನ್ನಡಿ ಇರಲಿಲ್ಲ. ಬಾಗಿಲಿನುದ್ದಕ್ಕೂ ತಗಡು ಕೆತ್ತಿಹೋಗಿತ್ತು. ಭಾವ ನಲ್ಲಿಯಡಿ ಮುಖ ತೊಳೆಯುತ್ತಿದ್ದ, ತೊಳೆಯುತ್ತಲೇ ಇದ್ದ.

"ಎಲ್ಲಿ ಭಾವ?"

"ಸೇತುವೆ ಕಲ್ಲು." ದನಿ ತಗ್ಗಿತ್ತು. "ಯಾರಿಗೂ ಗೊತ್ತಾಗಿಲ್ಲ. ಮುಂದೆ ಯಾರೂ ಕೂತಿರ್ಲಿಲ್ಲ, ಹಿಂದೆ ಎಲ್ರೂ ಮಲಗಿದ್ರು. ಕೊಂಬೆ ತಗಲ್ತು ಅಂದೆ."

"ರಾತ್ರಿ ಲಾರಿ ಬಿಡಿ ಭಾವ."

"ಬಿಟ್ಟು?"

"ಹಾಗಾದ್ರೆ ನಾನು ಸಾರ್‌ಗೆ ಹೇಳ್ಲೇಬೇಕು."

ಅವನು ಟವೆಲಿನಿಂದ ಮುಖ ಒರೆಸಿ ಅವಳನ್ನೇ ನೋಡಿದ. ಕಣ್ಣು ಕೆಂಡದಂತಿತ್ತು. "ಆವತ್ತು ನಿನ್ನ ಮಗಳನ್ನ ಎತ್ಕೊಂಡು ಓಡುವಾಗ ನಾನು ಏನೂ ಕೇಳಿರ್ಲಿಲ್ಲ. ಇವತ್ತು ಕೇಳ್ತಿದೀನಿ. ಇದೊಂದು ನುಂಗ್ಕೊಳ್ಳಮ್ಮ. ಅಲ್ಲಿಗೆ ನಂದು ನಿಂದು ಸರಿಹೋಯ್ತು."

ಹಿಂದಿನಿಂದ ಚಪ್ಪಲಿಯ ಸದ್ದು. ಮ್ಯಾನೇಜರು ವ್ಯಾನಿನ ಸುತ್ತ ಒಂದು ಸುತ್ತು ಬಂದು, ಕೆತ್ತಿದ ತಗಡಿನ ಮೇಲೆ ಬೆರಳಾಡಿಸಿದ. "ಕೊಂಬೆ ಇಷ್ಟು ಕೆತ್ತುತ್ತೇನಯ್ಯಾ?" ಎಂದು, ಅವಳ ಕಡೆ ತಿರುಗಿದ. "ಎರಡು ವರ್ಷ ಇವನ ಪಕ್ಕ ಕೂತು ಬಂದವಳು ನೀನು. ನೆಟ್ಟಗೆ ಓಡಿಸ್ತಾನೆ ತಾನೆ?"

ಭಾವ ನೆಲ ನೋಡುತ್ತಿದ್ದ. ತೆರೆದುಬಿಟ್ಟ ನಲ್ಲಿಯಿಂದ ನೀರು ಸುರಿಯುತ್ತಿತ್ತು.

"ನೆಟ್ಟಗೇ ಓಡಿಸ್ತಾರೆ ಸಾರ್," ಎಂದಳು.

ಮ್ಯಾನೇಜರು ತಲೆಯಾಡಿಸಿ ಒಳಗೆ ಹೋದ. ಭಾವ ನಲ್ಲಿ ನಿಲ್ಲಿಸಿ, ಅವಳನ್ನು ನೋಡದೆ, ವ್ಯಾನಿನ ನೆರಳಿಗೆ ಹೋಗಿ ಕೂತ. ಕೂತ ಗಳಿಗೆಗೇ ತಲೆ ಎದೆಗೆ ಜೋತುಬಿತ್ತು. ಮಗಳ ಉಸಿರಿನ ಋಣ ಒಂದೇ ಸುಳ್ಳಿಗೆ ತೀರಿಹೋಗಿತ್ತು.

ಮರಿ ತೆಗೆಯುವ ಕೋಣೆಯ ಬಾಗಿಲು ದಾಟುವಾಗ ಒಳಗೆ ಜಗಳ ಕೇಳಿಸಿತು. ನಾಳೆಯಿಂದ ಮುಂದಿನ ಸೀಟು ಯಾರಿಗೆ ಎಂಬ ಜಗಳ.

"ನಂಗೇ ಬೇಕು ಕಣ್ರೇ," ಎನ್ನುತ್ತಿದ್ದಳು ದಪ್ಪಕ್ಕ, "ಅಲ್ಲಾದ್ರೆ ಕಾಲು ಚಾಚ್ಕೊಂಡು ಹಾಯಾಗಿ ಮಲಗಬಹುದು."