ಮಧ್ಯಾಹ್ನ ಕೇಳಿದ ಸೈಕಲ್

ನಾನು ರೊಟ್ಟಿ ಮುರಿದು ಬುಟ್ಟಿಗೆ ಹಾಕುತ್ತಿದ್ದೆ. ಅತ್ತೆ ಒಂದೊಂದು ತುಂಡಿನ ಮೇಲೆ ಚೂರು ಶೇಂಗಾ ಹಿಂಡಿಯ ಖಾರಪುಡಿ ಇಡುತ್ತಿದ್ದರು. ಗಾಣಗಾಪುರದಲ್ಲಿ ಆ ಹೊತ್ತಿಗೆ ಯಾವ ಮನೆಯ ಅಡುಗೆಮನೆಯಲ್ಲೂ ಹೆಚ್ಚು ಮಾತಿರುವುದಿಲ್ಲ. ಮಧ್ಯಾಹ್ನ ದತ್ತ ಮಹಾರಾಜ ಭಿಕ್ಷೆಗೆ ಬರುತ್ತಾನೆ, ಯಾವ ರೂಪದಲ್ಲಿ ಬರುತ್ತಾನೋ ಯಾರಿಗೂ ತಿಳಿಯದು. ಹಾಗಾಗಿ ಆ ಹೊತ್ತಿನಲ್ಲಿ ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನುವಂತಿಲ್ಲ. ಹೊಲ ಮನೆ ಇದ್ದವರೂ ಹರಕೆ ಹೊತ್ತು ಜೋಳಿಗೆ ಹಿಡಿದು ನಿಲ್ಲುತ್ತಾರೆ. ನಮ್ಮದು ಯಾತ್ರಿಕರಿಗೆ ಕೋಣೆ ಕೊಡುವ ಮನೆ, ಆದ್ದರಿಂದ ಸಾಲು ಯಾವಾಗಲೂ ಉದ್ದ.

ಬುಟ್ಟಿ ಹೊತ್ತು ಬಾಗಿಲಿಗೆ ಬಂದೆ. ಸಾಲಿನ ಕೊನೆಗೆ, ಮೆಟ್ಟಿಲಿನಿಂದ ದೂರ, ಮಲ್ಕಮ್ಮ ನಿಂತಿದ್ದಳು.

ಮಲ್ಕಮ್ಮ ಸೂಲಗಿತ್ತಿ. ಊರ ಹೊರಗಿನ ಓಣಿಯವಳು. ನನ್ನ ಭುಜಕ್ಕೂ ಬರದಷ್ಟು ಕುಳ್ಳಿ. ಅವಳು ಎಂದೂ ಯಾರ ಬಾಗಿಲಲ್ಲೂ ಭಿಕ್ಷೆಗೆ ನಿಂತವಳಲ್ಲ. ದುಡಿದು ತಿನ್ನುವವಳು ನಾನು ಎಂದು ಹೇಳಿಕೊಂಡೇ ತಿರುಗುವವಳು. ಅವಳ ಕೈಯಲ್ಲಿ ಜೋಳಿಗೆಯೂ ಇರಲಿಲ್ಲ.

ಅವಳ ಸರದಿ ಬಂದಾಗ ಅತ್ತೆ, ಜೋಳಿಗೆ ಎಲ್ಲಿ ಎಂದು ಕೇಳಿದರು.

"ರೊಟ್ಟಿ ಬ್ಯಾಡ್ರಿ ಅವ್ವಾರ," ಎಂದಳು ಮಲ್ಕಮ್ಮ. "ನಿಮ್ಮ ದನದ ಮನ್ಯಾಗ ಒಂದು ಸೈಕಲ್ ಅದಲ್ಲರಿ, ಅದನ್ನ ಕೊಡ್ರಿ."

ಸಾಲಿನಲ್ಲಿ ಯಾರೋ ನಕ್ಕರು. ಕಟ್ಟೆಯ ಮೇಲೆ ಕೂತಿದ್ದ ಮಾವ, ಹಣಮಂತರಾಯರು, ನಗಲಿಲ್ಲ.

ಅವಳು ಯಾಕೆ ಕೇಳಿದಳೆಂದು ಮಾವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಹಿಂದಿನ ಚಳಿಗಾಲದಲ್ಲಿ ನನಗೆ ಹೆರಿಗೆಯ ನೋವು ಬಂದಾಗ ಮಲ್ಕಮ್ಮ ಮಣ್ಣೂರ ಕಡೆಯ ಒಂದು ಹೊಲಮನೆಗೆ ಹೋಗಿದ್ದಳು. ಕರೆತರಲು ಮಾವ ಚಕ್ಕಡಿ ಕಳಿಸಿದರು. ಹೋಗುವಾಗ ಎತ್ತುಗಳು ಓಡಿದವು, ಬರುವಾಗ ನಡೆದವು. ನಮ್ಮ ಚಕ್ಕಡಿಯಲ್ಲಿ ಅವಳು ಕೂರುವ ಹಾಗಿರಲಿಲ್ಲ. ಹಿಂದೆ ನಡೆದು ಬಂದಳು. ಅವಳ ಕಾಲಿನ ಅಳತೆಗೆ ಎತ್ತುಗಳು ಹೆಜ್ಜೆ ಹಾಕಿದವು. ಬಂದವಳು ನನ್ನನ್ನು ಉಳಿಸಿದಳು. ಕೂಸು ಅಷ್ಟರಲ್ಲಿ ಹೋಗಿತ್ತು. ಮನೆಯಲ್ಲಿ ಯಾರೂ ಚಕ್ಕಡಿಯ ಮಾತೆತ್ತಲಿಲ್ಲ, ದೈವ ಎಂದರು. ಮಲ್ಕಮ್ಮ ಮಾತ್ರ ಹೊರಗೆ ಕೈ ತೊಳೆಯುತ್ತಾ ದನದ ಮನೆಯೊಳಗೆ ಬಹಳ ಹೊತ್ತು ನೋಡುತ್ತಿದ್ದಳು. ಏನು ನೋಡುತ್ತಿದ್ದಳೆಂದು ಈಗ ತಿಳಿಯಿತು.

ಆ ಸೈಕಲ್ ನಮ್ಮದಲ್ಲ. ನಾನು ಸೊಸೆಯಾಗಿ ಬಂದ ವರ್ಷ ಆಳಂದದ ಬಟ್ಟೆ ವ್ಯಾಪಾರಿ ಕಲ್ಯಾಣಪ್ಪ ಎಂಬವರು ಬಂದಿದ್ದರು. ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ. ಮೈಮೇಲೆ ಎಚ್ಚರವಿಲ್ಲದ ಹೆಂಡತಿಯನ್ನು ಚಕ್ಕಡಿಯಲ್ಲಿ ಮಲಗಿಸಿ ತಾವು ಸೈಕಲ್ ಮೇಲೆ ಜೊತೆಗೆ ಬಂದಿದ್ದರು. ಹೋಗುವಾಗ ಚಕ್ಕಡಿಯಲ್ಲಿ ಆಕೆಯನ್ನು ಹಿಡಿದುಕೊಂಡೇ ಕೂರಬೇಕಾಯಿತು. ಸೈಕಲ್ ನಿಮ್ಮಲ್ಲಿರಲಿ, ಬಂದು ಒಯ್ಯುತ್ತೇನೆ ಎಂದು ಹೋದವರು ಬರಲಿಲ್ಲ. ಆಳಂದದಿಂದ ಬಂದ ಯಾತ್ರಿಕರ ಬಾಯಲ್ಲಿ ಮಾವ ಹೇಳಿ ಕಳಿಸುತ್ತಲೇ ಇದ್ದರು. ಸೈಕಲ್ ಮೇಲೆ ಕೋಳಿ ಕೂತವು, ಮೇವಿನ ಧೂಳು ಕೂತಿತು, ತುಕ್ಕು ಹಿಡಿಯಿತು. ಯಾತ್ರಿಕರು ಇಟ್ಟುಹೋದ ಒಂದು ತಂಬಿಗೆಯನ್ನೂ ಮಾವ ಎಂದೂ ಬಳಸಿದವರಲ್ಲ.

"ಅದು ನಂದಲ್ಲ ಮಲ್ಕಿ," ಎಂದರು ಮಾವ.

ಮಲ್ಕಮ್ಮ ಹೋಗಲಿಲ್ಲ. ಅವಳ ಹಿಂದೆ ಬಂದವರು ಭಿಕ್ಷೆ ತೆಗೆದುಕೊಂಡು ಹೋದರು. ಬುಟ್ಟಿ ಬರಿದಾಯಿತು. ಬಿಸಿಲಿನಲ್ಲಿ ಅವಳೊಬ್ಬಳೇ ಉಳಿದಳು. ಮಾವ ಎದ್ದು ಒಳಗೆ ಹೋದರು, ಮತ್ತೆ ಬಂದರು, ಕೂತರು, ಎದ್ದರು. ಕೊನೆಗೆ ಅವಳ ಕಡೆ ನೋಡದೆ ಹೇಳಿದರು.

"ಕೊಟ್ಟೆ ಅನ್ನಾಕ ಬರಂಗಿಲ್ಲ. ನಿನ್ನ ಕಡೆ ಇಟ್ಕೊ. ಅದರ ಮೈಗೆ ಗರಗಸ ಹಚ್ಚಬಾರ್ದು, ಹೊಸಾ ತೂತು ಹೊಡಿಬಾರ್ದು. ಅಂವ ಬಂದ ದಿನ ಅದು ಹ್ಯಾಂಗಿತ್ತೋ ಹಾಂಗ ಅವನ ಕೈ ಸೇರಬೇಕು."

"ಹೌದ್ರಿ ರಾಯರ. ಅವ್ರು ಬಂದ ದಿನ ನಾನಾ ತಂದು ನಿಲ್ಲಸ್ತೇನಿ."

ಹುಣ್ಣಿಮೆಗೆ ಅಫಜಲಪುರದಿಂದ ಅಬ್ದುಲ್ ಗನಿ ಬಂದರು. ಪ್ರತಿ ಹುಣ್ಣಿಮೆಗೂ ಬಂದು ಕೋಣೆಗಳ ಕಂದೀಲು, ಸ್ಟೋವ್ ರಿಪೇರಿ ಮಾಡಿ ಹೋಗುವ ಮಿಸ್ತ್ರಿ ಅವರು. ಅಫಜಲಪುರದಲ್ಲಿ ಅವರಿಗೆ ಸೈಕಲ್ ಅಂಗಡಿಯೂ ಇತ್ತು. ದನದ ಮನೆಯ ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಸುತ್ತ ತಿರುಗಿ ನೋಡಿ, ಮಾಲು ವಿಲಾಯತಿ, ಹಾಲತ್ತು ನೋಡಿದರೆ ಮಸಣದ್ದು ಎಂದರು. ಆಮೇಲೆ ಮಲ್ಕಮ್ಮನನ್ನು ನೋಡಿದರು.

"ಇದು ಊಂಟು ಇದ್ದಂಗ ಅದ ಮಲ್ಕಮ್ಮ. ನೀನು ಹತ್ತಬೇಕಂದ್ರ ನಿಚ್ಚಣಿಕಿ ಬೇಕು."

"ನಿಚ್ಚಣಿಕಿ ನಾನು ತರ್ತೇನಿ ಗನಿಸಾಬ. ನಿಮ್ಮ ಒಂಟೆ ಕಾಲು ನೀವು ರಿಪೇರಿ ಮಾಡ್ರಿ," ಎಂದಳು ಅವಳು.

ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಓದುವುದಕ್ಕಿಂತ ನೋಡುವುದೇ ಹೆಚ್ಚು ಅಭ್ಯಾಸ. ಗನಿಸಾಬರು ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ಗಾಲಿ ಬಿಚ್ಚಿದರೆ ನಡುವಿನಿಂದ ಕಬ್ಬಿಣದ ಸಣ್ಣ ಗುಂಡುಗಳು ಕೆಂಪು ಹುಡಿಯ ಜೊತೆ ಉದುರಿದವು. ಮಲ್ಕಮ್ಮ ಅವನ್ನು ಒಂದೂ ಕಳೆಯದಂತೆ ಸೆರಗಿನಲ್ಲಿ ಹಿಡಿದಳು. ಹುಟ್ಟಿದ ಕೂಸನ್ನು ಹಿಡಿಯುವ ಕೈಗೆ ಗುಂಡು ಹಿಡಿಯುವುದು ಏನು ಕಷ್ಟ ಎಂದು ನನಗನಿಸಿತು. ನಾನು ಒಲೆಯ ಬೂದಿ ಸೋಸಿ ಕೊಟ್ಟೆ, ಇಟ್ಟಿಗೆ ಪುಡಿ ಕೊಟ್ಟೆ. ಅವಳು ಕೂತು ಗಾಲಿಯ ಬಳೆ, ಕಡ್ಡಿ ಎಲ್ಲ ಉಜ್ಜಿದಳು. ತುಕ್ಕಿನ ಕೆಳಗಿಂದ ಕಪ್ಪು ಬಣ್ಣ, ಅದರ ಅಂಚಿಗೆ ದಾರದಂಥ ಹಸಿರು ಗೆರೆ ಕಾಣಿಸಿತು. ಯುದ್ಧದ ಕಾಲ, ಹೊಸ ಟಾಯರ್ ಎಲ್ಲೂ ಸಿಗುತ್ತಿರಲಿಲ್ಲ. ಹರಿದಲ್ಲಿ ಒಳಗೆ ಚರ್ಮದ ತುಂಡು ಇಟ್ಟು ಗನಿಸಾಬರು ಹೊಲಿದರು. ತಿರುಗುವಾಗ ಅದು ಒಂದು ಕಡೆ ಟಪ್ ಎನ್ನುತ್ತಿತ್ತು.

ಕಷ್ಟವಾದದ್ದು ಎತ್ತರ. ಅಡ್ಡ ಪೈಪು ಕೊಯ್ದು ಕೆಳಗೆ ಬೆಸೆದರೆ ಮುಗಿಯಿತು ಎಂದರು ಗನಿಸಾಬರು. ಮಾವ ಕಟ್ಟೆಯ ಮೇಲಿಂದಲೇ ಬೇಡ ಎಂದರು. ಸೀಟು ಪೂರ್ತಿ ಇಳಿಸಿದರೂ ಅವಳ ಕಾಲು ಗಾಳಿಯಲ್ಲಿ ತೂಗಾಡುತ್ತಿತ್ತು. ಕೊನೆಗೆ ಗನಿಸಾಬರು ಸೀಟನ್ನು ಅದರ ಕೊಳವೆ ಸಮೇತ ತೆಗೆದಿಟ್ಟು, ಅಡ್ಡ ಪೈಪಿನ ಮೇಲೆಯೇ ಕೂರಬೇಕು, ಪೆಡಲಿಗೆ ಮರದ ತುಂಡು ಕಟ್ಟಬೇಕು ಎಂದರು. ಎಷ್ಟು ದಪ್ಪ ಎಂದು ತಿಳಿಯಲು ಕಾಲಿನ ಅಳತೆ ಬೇಕು. ಅವರು ದಾರ ಹಿಡಿದು ನಿಂತರು, ಮುಂದೆ ಬರಲಿಲ್ಲ. ಪರಹೆಂಗಸನ್ನು ಮುಟ್ಟುವುದು ಹೇಗೆ? ದಾರವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಬೇರೆ ಕಡೆ ತಿರುಗಿದರು.

"ಬಾಯಾರ, ಜರಾ ನೀವು ಹಿಡೀರಿ," ಎಂದರು ನನಗೆ.

ಅತ್ತೆ ದೇವರ ಕೋಣೆಯಲ್ಲಿದ್ದರು. ನಾನು ಹೊರಗೆ ಹೋದೆ. ಮಲ್ಕಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ್ರಿ ತಂಗೆಮ್ಮ. ನೀವು ಮೈಲಿಗಿ ಆಗ್ತೀರಿ."

ಆ ಚಳಿಗಾಲದ ಬೆಳಗ್ಗೆ ಅವಳ ಎರಡೂ ಕೈ ನನ್ನ ಮೇಲಿದ್ದವು, ಆಗ ಯಾರೂ ಮೈಲಿಗೆ ಅನ್ನಲಿಲ್ಲ. ಮೊಳಕಾಲೂರಿ ಕೂತೆ. ದಾರದ ತುದಿಯನ್ನು ಅವಳ ಹಿಮ್ಮಡಿಗೆ ಒತ್ತಿ ತೊಡೆಯ ಸಂದಿನ ತನಕ ತಂದು ಗಂಟು ಹಾಕಿದೆ. ಅವಳ ಕಾಲು ಗಟ್ಟಿಯಾಗಿತ್ತು, ಒನಕೆಯ ಹಾಗೆ. ಗನಿಸಾಬರು ಅದೇ ದಾರವನ್ನು ಪೈಪಿನಿಂದ ಪೆಡಲಿಗೆ ಹಿಡಿದರು. ನಾಲ್ಕು ಬೆರಳು ಕಡಿಮೆ. ನಾಲ್ಕು ಬೆರಳು ದಪ್ಪದ ಜಾಲಿ ಮರದ ತುಂಡುಗಳನ್ನು ಕೆತ್ತಿ ಪೆಡಲಿಗೆ ಚರ್ಮದ ಪಟ್ಟಿಯಿಂದ ಕಟ್ಟಿದರು, ಮೊಳೆ ಹೊಡೆಯಲಿಲ್ಲ. ಪೈಪಿನ ಮೇಲೆ ನನ್ನದೇ ಹಳೆಯ ಕೌದಿಯನ್ನು ಮಡಿಸಿ ಸುತ್ತಿದೆವು. ತೆಗೆದ ಸೀಟಿಗೆ ಕುಸುಬಿ ಎಣ್ಣೆ ಸವರಿ, ಕೊಳವೆಯ ಜೊತೆ ನನ್ನ ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಕಾಳಿನ ಕೋಣೆಯಲ್ಲಿಟ್ಟೆ. ಆ ದಿನ ಅತ್ತೆ ನನಗೆ ತಲೆಯ ಮೇಲಿಂದ ನೀರು ಹಾಕಿದರು. ಬೈಯಲಿಲ್ಲ.

ಮಲ್ಕಮ್ಮ ಸೈಕಲ್ ಕಲಿತದ್ದು ಹೊಳೆಯ ದಂಡೆಯ ಕಣದಲ್ಲಿ. ಕಚ್ಚೆ ಬಿಗಿದು, ಕಲ್ಲಿನ ಮೇಲೆ ನಿಂತು ಹತ್ತುವಳು. ಬೀಳುವಳು. ಎದ್ದು, ಮೊದಲು ಸೈಕಲ್ಲಿನ ಮೈ ತಡವಿ ಎಲ್ಲಾದರೂ ತರಚಿದೆಯೇ ನೋಡಿ, ಆಮೇಲೆ ತನ್ನ ಮೊಣಕೈ ನೋಡಿಕೊಳ್ಳುವಳು. ಹೊಳೆಗೆ ಬಟ್ಟೆ ಒಯ್ದಾಗಲೆಲ್ಲ ನಾನು ನೋಡುತ್ತಿದ್ದೆ. ಹೊಳೆಗೆ ಬಂದ ಗಂಡಸರು ಕೂತು ನಗುತ್ತಿದ್ದರು. ನಮ್ಮ ಓಣಿಯ ಹಿರಿಯರೊಬ್ಬರು ಒಮ್ಮೆ ಕೂಗಿ ಕೇಳಿದರು.

"ಏನ ಬೇ ಮಲ್ಕಿ, ಕುದುರಿ ಸಿಕ್ತು, ಲಗಾಮು ಎಲ್ಲದ?"

"ನಿಮ್ಮ ಸೊಸಿಗಿ ಬ್ಯಾನಿ ಬರ್ಲಿ ತಡೀರಿ ಯಪ್ಪಾ, ಲಗಾಮು ಆವಾಗ ತೋರಸ್ತೇನಿ," ಎಂದಳು ಕೆಳಗೆ ಬಿದ್ದಲ್ಲಿಂದಲೇ.

ಅವರ ಸೊಸೆಗೆ ನೋವು ಬಂದದ್ದು ಜೋಳದ ಸುಗ್ಗಿಯಲ್ಲಿ. ಅದುವರೆಗೆ ನಮ್ಮ ಮೇಲಿನ ಓಣಿ ಬಂದರೆ ಮಲ್ಕಮ್ಮ ಇಳಿದು ಸೈಕಲ್ ತಳ್ಳಿಕೊಂಡೇ ಹೋಗುತ್ತಿದ್ದಳು. ಹಾಗೆಂದು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಆ ದಿನ ಇಳಿಯಲಿಲ್ಲ. ಟಪ್ ಟಪ್ ಎನ್ನುವ ಟಾಯರಿನ ಸದ್ದು ಕೇಳಿ ನಾನು ಬಾಗಿಲಿಗೆ ಬಂದೆ. ಸೊಂಟಕ್ಕೆ ಔಷಧದ ಗಂಟು ಕಟ್ಟಿಕೊಂಡು, ಕೌದಿಯ ಮೇಲೆ ಮುಂದಕ್ಕೆ ಬಾಗಿ, ಓಣಿಯ ನಡುವೆ ಹೋದಳು. ಕಟ್ಟೆಯ ಮೇಲಿದ್ದವರು ಎದ್ದು ದಾರಿ ಬಿಟ್ಟರು. ಲಗಾಮು ಕೇಳಿದ ಹಿರಿಯರೇ ಮುಂದೆ ಓಡಿಹೋಗಿ ಅವಳು ಇಳಿಯಲು ಕಲ್ಲು ಸರಿಸಿಟ್ಟರು. ಮೊಮ್ಮಗ ಹುಟ್ಟಿದ.

ಆಮೇಲೆ ಚಕ್ಕಡಿ ಕಳಿಸುವುದು ನಿಂತಿತು, ಸುದ್ದಿ ಕಳಿಸಿದರೆ ಸಾಕಾಯಿತು. ಯಾವ ದಾರಿಯಲ್ಲಿ ಯಾವ ಕಲ್ಲಿನ ಹತ್ತಿರ ನಿಂತರೆ ಕಾಲು ಎಟುಕುತ್ತದೆ ಎಂದು ಅವಳಿಗೆ ಬಾಯಿಪಾಠವಾಗಿತ್ತು. ಜೇವರ್ಗಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಅಮಾವಾಸ್ಯೆಗೆ ಮನೆಗೆ ಬಂದಾಗ, ನಿಮ್ಮೂರ ಸೂಲಗಿತ್ತಿ ಸೈಕಲ್ ಹೊಡೀತಾಳಂತೆ ಎಂದು ಅಲ್ಲಿಯೂ ಕೇಳುತ್ತಾರೆ ಎಂದರು. ನಗುತ್ತಾ ಹೇಳಿದರು. ಆದರೂ ಆ ನಗುವಿನಲ್ಲಿ ಊರಿನ ಹೆಮ್ಮೆ ಇತ್ತು.

ಈ ವರ್ಷ ಕಲ್ಯಾಣಪ್ಪನವರು ಬಂದರು.

ಹೆಂಡತಿ ಜೊತೆಗಿದ್ದರು, ಚೆನ್ನಾಗಿದ್ದರು, ತಾವೇ ಚಕ್ಕಡಿಯಿಂದ ಇಳಿದರು. ನೋಡಿ ಎಲ್ಲರಿಗೂ ಸಂತೋಷವಾಯಿತು. ಊಟವಾದ ಮೇಲೆ ಕಲ್ಯಾಣಪ್ಪನವರು ಸಂಕೋಚದಿಂದಲೇ ಸೈಕಲ್ ವಿಷಯ ಎತ್ತಿದರು. ಮಗ ದೊಡ್ಡವನಾಗಿದ್ದಾನೆ, ಆಳಂದದಿಂದ ಕಡಗಂಚಿಗೆ ದಿನಾ ಓಡಾಡಬೇಕು, ಈಗಿನ ಕಾಲದಲ್ಲಿ ಹೊಸದು ಎಲ್ಲಿ ಸಿಗುತ್ತದೆ ಎಂದರು. ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ಮಾವ ಎಲ್ಲವನ್ನೂ ಇದ್ದ ಹಾಗೆ ಹೇಳಿ, ಮಲ್ಕಮ್ಮನಿಗೆ ಸುದ್ದಿ ಕಳಿಸಿದರು.

ಮರುದಿನ ಅವಳು ಬಂದಾಗ ಮಧ್ಯಾಹ್ನವಾಗಿತ್ತು. ಭಿಕ್ಷೆಯ ಸಾಲು ಆಗಲೇ ನಿಂತಿತ್ತು. ಮಲ್ಕಮ್ಮ ದಾರಿಯಲ್ಲೇ ಹೊಳೆಯಲ್ಲಿ ಸೈಕಲ್ ತೊಳೆದು ಒರೆಸಿ ತಂದಿದ್ದಳು. ಹಸಿರು ಗೆರೆ ಹೊಳೆಯುತ್ತಿತ್ತು. ಗೋಡೆಗೆ ಒರಗಿಸಿ, ಕೆಳಗೆ ಕೂತು, ಪೆಡಲಿನ ಮರದ ತುಂಡುಗಳ ಪಟ್ಟಿ ಬಿಚ್ಚತೊಡಗಿದಳು. ಕಲ್ಯಾಣಪ್ಪನವರು ಕಟ್ಟೆಯಿಂದ ಇಳಿದು ಗಾಲಿ ತಿರುಗಿಸಿ ನೋಡಿದರು.

"ನಾ ಬಿಟ್ಟು ಹೋಗಿದ್ದಕ್ಕಿಂತ ಛಲೋ ಇಟ್ಟೀಯಲ್ಲವ್ವ," ಎಂದರು.

"ನಿಮ್ದು ಅಂತ ನೆಪ್ಪಿಟ್ಟು ಹೊಡದೇನ್ರಿ," ಎಂದಳು ಅವಳು. ದನಿಯಲ್ಲಿ ಅಳು ಇರಲಿಲ್ಲ. ಪಟ್ಟಿಯ ಗಂಟು ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

ಮಾವ ನನ್ನನ್ನು ನೇರ ಕರೆಯುವವರಲ್ಲ, ನಾನೂ ಅವರೆದುರು ಒಂದು ಮಾತೂ ಆಡಿದವಳಲ್ಲ. ಅವರು ಒಳಗೆ ಕೇಳುವಂತೆ, ಆ ಸೀಟಿನ ಗಂಟು ತರಬೇಕು ಎಂದರು. ಅತ್ತೆ ನನ್ನ ಕಡೆ ನೋಡಿದರು. ನಾನು ಕಾಳಿನ ಕೋಣೆಯಿಂದ ಗಂಟು ತೆಗೆದುಕೊಂಡು ಬಂದೆ. ಹೊಸ್ತಿಲಲ್ಲಿ ನಿಂತೆ. ಗಂಟು ತೆಗೆದುಕೊಳ್ಳಲು ಮಲ್ಕಮ್ಮ ದೂರದಿಂದಲೇ ಎರಡೂ ಕೈ ಚಾಚಿದಳು.

ಮರದ ತುಂಡುಗಳು ಆಗಲೇ ನೆಲದ ಮೇಲಿದ್ದವು. ನಾಲ್ಕು ಬೆರಳು ದಪ್ಪ. ಅವಳ ಕಾಲಿನ ಹೆಬ್ಬೆರಳು ಊರಿ ಊರಿ ಅವುಗಳಲ್ಲಿ ಗುಳಿ ಬಿದ್ದಿತ್ತು.

ನಾನು ಗಂಟು ಕೊಡಲಿಲ್ಲ. ಹೊಸ್ತಿಲು ದಾಟಿ, ಮೆಟ್ಟಿಲು ಇಳಿದು, ಸಾಲು ಮುಗಿಯುವಲ್ಲಿಗೆ ಹೋದೆ. ಹಿಂದೊಮ್ಮೆ ಅವಳು ನಿಂತಿದ್ದ ಜಾಗ ಅದು. ಅಲ್ಲಿ ನಿಂತು ನಮ್ಮ ಮನೆಯ ಕಡೆ ತಿರುಗಿದೆ. ಆ ಬಿಸಿಲಿನಿಂದ ನೋಡಿದರೆ ಕಟ್ಟೆ ಬಹಳ ಎತ್ತರ ಕಾಣುತ್ತದೆ. ಅತ್ತೆಯ ಕೈಯಲ್ಲಿ ರೊಟ್ಟಿಯ ಬುಟ್ಟಿ ಇತ್ತು. ಮಾವ ಎದ್ದು ನಿಂತಿದ್ದರು. ಕಲ್ಯಾಣಪ್ಪನವರ ಕೈ ಗಾಲಿಯ ಮೇಲಿತ್ತು.

ಸೆರಗು ಒಡ್ಡಿ ಕೇಳಿದೆ.

"ಸೈಕಲ್ ಮಲ್ಕಮ್ಮನ ಕಡಿಗೇ ಬಿಡ್ರಿ."

ಭಿಕ್ಷೆಯ ಹೊತ್ತು. ಯಾರೂ ಇಲ್ಲ ಅನ್ನಲಿಲ್ಲ.