ಅಪ್ಪನ ಬಿಪಿ ಪುಸ್ತಕ

ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದ ನಮ್ಮಪ್ಪ, ನಿವೃತ್ತರಾದ ಮೇಲೆ ತಮ್ಮ ಬಿಪಿಗೂ ಒಂದು ಪುಸ್ತಕ ಇಟ್ಟರು. ದಿನಾಂಕ, ಸಮಯ, ಬಿಪಿ, ಕೊನೆಗೆ ಷರಾ. ಅಮ್ಮ ಒಂದು ಮಾತಾಡಿದರೆ ಸಾಕು, ತೋಳಿಗೆ ಪಟ್ಟಿ ಸುತ್ತಿಕೊಂಡು ಮೆಷಿನ್ ಮುಂದೆ ಕುಳಿತುಬಿಡುತ್ತಿದ್ದರು. ಆಮೇಲೆ ಷರಾ ಬರೆಯುತ್ತಿದ್ದರು: ‘ನಲ್ಲಿ ಸೋರುತ್ತಿದೆ ಎಂದು ಇವಳು ಮೂರನೇ ಸಲ ಹೇಳಿದಳು. ನೂರೈವತ್ತು.’ ನಲ್ಲಿ ಮಾತ್ರ ಸೋರುತ್ತಲೇ ಇತ್ತು.

ಒಂದು ದಿನ ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಹೋದರು.

“ಟೆನ್ಶನ್ನಿಂದ ಹಾರ್ಟು ಹಾಳಾಗುತ್ತೆ ಅಂತ ನೀವೇ ಹೇಳಿದ್ರಲ್ಲ ಡಾಕ್ಟ್ರೇ. ಇವಳಿಗೆ ಸ್ವಲ್ಪ ಬುದ್ಧಿ ಹೇಳಿ.”

ಡಾಕ್ಟರು ಪುಸ್ತಕದ ಪುಟ ತಿರುವಿದರು. ಅಪ್ಪನ ಬಿಪಿ ನೋಡಿದರು: ನೂರಮೂವತ್ತು. ಪಟ್ಟಿ ಬಿಚ್ಚಿ ಅಮ್ಮನ ತೋಳಿಗೆ ಸುತ್ತಿದರು. ನೂರೆಂಬತ್ತು.

“ಏನಮ್ಮಾ ಇದು! ಮನೇಲಿ ಮೆಷಿನ್ ಇದ್ದೂ ಒಂದಿನಾನೂ ನೋಡ್ಕೊಂಡಿಲ್ವಾ?”

“ಇವರ ತೋಳಿಂದ ಬಿಚ್ಚಿದ್ರೆ ತಾನೇ?” ಎಂದಳು ಅಮ್ಮ.

ಮಾತ್ರೆ ಬರೆದುಕೊಟ್ಟದ್ದು ಅಮ್ಮನಿಗೆ. ಅಪ್ಪ ದಾರಿಯುದ್ದಕ್ಕೂ ಆ ಚೀಟಿಯನ್ನೇ ನೋಡುತ್ತಾ ಬಂದರು. ಕೊನೆಗೂ ಇವರ ಮನಸ್ಸಿಗೆ ತಟ್ಟಿತು ಅಂದುಕೊಂಡೆ. ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಪಟ್ಟಿ ಸುತ್ತಿಕೊಂಡು ಕುಳಿತರು, ಪುಸ್ತಕ ತೆರೆದು ಬರೆದರು. ಹಿಂದೆ ನಿಂತು ಓದಿದೆ:

‘ತನಗೆ ಬಿಪಿ ಇರುವುದನ್ನು ಇಷ್ಟು ದಿನ ನನ್ನಿಂದ ಮುಚ್ಚಿಟ್ಟಿದ್ದಳು. ನೂರರವತ್ತೈದು.’